ಏಳು ಹತ್ತಾಯಿತು, ಹತ್ತು ಇಪ್ಪತ್ತಾಯಿತು; ಲೆಕ್ಕ ಬರೆದವರು ಯಾರು?

ಎಳೆಯ ಮಗುವಿನ ಮೇಲೆ ಅತ್ಯಾಚಾರ ನಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದ ವಾರ, ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತವರ ಬಾಯಲ್ಲಿ ಕೇಳಿಬರುವ ಮಾತು ಒಂದೇ: ಅಂಥವನಿಗೆ ಕಠಿಣ ಶಿಕ್ಷೆಯಾಗಬೇಕು. ದುರ್ಬಲರ ಮೇಲೆ ಎರಗುವವರನ್ನು ಕಾನೂನು ಸುಮ್ಮನೆ ಬಿಡಬಾರದೆಂಬ ಈ ಆಶಯವನ್ನು ಆಕ್ಷೇಪಿಸುವವರು ಯಾರೂ ಇರಲಾರರು. ನಮ್ಮ ಸಂಸತ್ತೂ ಅದಕ್ಕೆ ಮತ್ತೆ ಮತ್ತೆ ಓಗೊಟ್ಟಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ಬೆನ್ನಲ್ಲೇ 2013ರಲ್ಲಿ ದಂಡ ಸಂಹಿತೆಗೆ ತಿದ್ದುಪಡಿಯಾಯಿತು, 2018ರಲ್ಲಿ ಮತ್ತೊಮ್ಮೆ. 2019ರ ಆಗಸ್ಟ್‌ನಲ್ಲಿ ಪೋಕ್ಸೊ ಕಾಯ್ದೆಯೇ ತಿದ್ದುಪಡಿಗೊಂಡು, ಕನಿಷ್ಠ 7 ವರ್ಷವಿದ್ದ ಸಜೆ 10 ವರ್ಷಕ್ಕೂ, ಮಗು 16 ವರ್ಷದೊಳಗಿನದಾದರೆ 20 ವರ್ಷಕ್ಕೂ ಏರಿತು. ರಕ್ಷಿಸಬೇಕಾದವನೇ ಭಕ್ಷಿಸಿದಂಥ ಗುರುತರ ಪ್ರಕರಣಗಳಲ್ಲಿ ಕನಿಷ್ಠ 10 ವರ್ಷವಿದ್ದುದು 20 ಆಯಿತು, ಮರಣದಂಡನೆಗೂ ಅವಕಾಶ ಕಲ್ಪಿಸಲಾಯಿತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದೇ ಹಾದಿಯಲ್ಲಿ ಸಾಗಿದೆ.

ಕಾಯ್ದೆಯ ಪುಸ್ತಕದಲ್ಲಿ ಏಳನ್ನು ಹೊಡೆದು ಹತ್ತೆಂದು ಬರೆಯುವುದಕ್ಕೆ ತಗಲುವುದು ಮಸಿಯ ಖರ್ಚು ಮಾತ್ರ. ಆ ಅಂಕಿ ನ್ಯಾಯಾಲಯದ ತೀರ್ಪಾಗಿ ಹೊರಬೀಳಬೇಕಾದರೆ ನ್ಯಾಯಾಧೀಶರು ಬೇಕು, ಅಭಿಯೋಜಕರು ಬೇಕು, ಪ್ರಯೋಗಾಲಯ ಬೇಕು, ಸಾಕ್ಷಿ ಹೇಳುವ ಮಗುವಿನ ಕೈಹಿಡಿದು ನಿಲ್ಲುವ ಒಬ್ಬರು ಬೇಕು. ಇವೆಲ್ಲಕ್ಕೂ ಸಂಬಳ, ಕೊಠಡಿ, ವಾಹನ ಬೇಕು. ಶಿಕ್ಷೆಯ ಬಗ್ಗೆ ನಾವು ಗಂಟೆಗಟ್ಟಲೆ ಮಾತನಾಡುತ್ತೇವೆ. ಅದಕ್ಕೆ ತಗಲುವ ಹಣದ ಬಗ್ಗೆ ಮಾತ್ರ, ಅದೇನೋ ಮರ್ಯಾದೆಗೆ ಕುಂದು ಎಂಬಂತೆ, ಬಾಯಿ ಬಿಡುವುದಿಲ್ಲ. ಆ ಹಣವಿಲ್ಲದಿದ್ದರೆ ಕಠಿಣ ಕಾಯ್ದೆ ಬಡವರ ಮನೆಯ ಬಾಗಿಲಿಗೆ ಬಂದು ತಲಪುವುದೇ ಇಲ್ಲ ಎಂಬುದು ಈ ಲೇಖನದ ವಾದ.

ಒಂದು ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ

ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಆ ಹೋಬಳಿಯ ಯಾವುದೋ ಹಳ್ಳಿಯಲ್ಲಿ, ಕೂಲಿನಾಲಿ ಮಾಡಿ ಬದುಕುವ ಮನೆಯ ಹನ್ನೆರಡು ವರ್ಷದ ಹೆಣ್ಣುಮಗುವಿಗೆ ಇಂಥ ಅನ್ಯಾಯವಾಯಿತೆಂದು ಭಾವಿಸೋಣ. ಇದು ಕಲ್ಪನೆಯಷ್ಟೆ, ಕಾಯ್ದೆ ವಿಧಿಸುವ ಕ್ರಮ ಮಾತ್ರ ವಾಸ್ತವ.

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಒಪ್ಪಿಗೆಯಾದ ಸ್ಥಳದಲ್ಲೋ ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ ದಾಖಲಿಸಬೇಕು, ಅದೂ ಸಮವಸ್ತ್ರವಿಲ್ಲದೆ. 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಹೋಗಬೇಕು. ವೈದ್ಯಕೀಯ ತಪಾಸಣೆಯನ್ನು ವೈದ್ಯೆಯೇ ಮಾಡಬೇಕು. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ಸಾಕ್ಷ್ಯ ನುಡಿಯುವಾಗ ಆರೋಪಿಯ ಮುಖ ಮಗುವಿನ ಕಣ್ಣಿಗೆ ಬೀಳಬಾರದು. ಅದಕ್ಕಾಗಿ ಪರದೆಯೋ ವಿಡಿಯೊ ವ್ಯವಸ್ಥೆಯೋ ಇರಬೇಕು. ಮಾತು ಬಾರದ ಅಥವಾ ಬುದ್ಧಿಮಾಂದ್ಯವಿರುವ ಮಗುವಾದರೆ ವಿಶೇಷ ಶಿಕ್ಷಕರ ನೆರವು ದೊರೆಯಬೇಕು. ಲಂಬಾಣಿಯನ್ನೋ ತೆಲುಗನ್ನೋ ಆಡುವ ಮಗುವಾದರೆ ದುಭಾಷಿ ಬೇಕು.

ಎಷ್ಟು ಮಾನವೀಯವಾದ ಕ್ರಮ! ಆದರೆ ಇವುಗಳಲ್ಲಿ ಒಂದೂ ಪುಕ್ಕಟೆಯಾಗಿ ನಡೆಯುವಂಥದಲ್ಲ. ಆ ಮನೆಯವರಿಗಂತೂ ಪ್ರತಿಯೊಂದು ವಾಯಿದೆಯೂ ಒಂದು ದಿನದ ಕೂಲಿಯ ನಷ್ಟ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ತಾಯಿ ಮಗಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಚಿತ್ರದುರ್ಗಕ್ಕೆ ಹೋಗಿಬರುವಂತಾದುದು, ಆ ಯೋಜನೆಯನ್ನು ರೂಪಿಸಿದವರು ಎಣಿಸದೇ ಇದ್ದಿರಬಹುದಾದ ಒಂದು ಉಪಕಾರ. ಜೊತೆಗೆ ಬರುವ ತಂದೆಗೆ ಟಿಕೆಟ್ಟೂ ಹೌದು, ಕೂಲಿಯ ನಷ್ಟವೂ ಹೌದು.

ಈ ಅಲೆದಾಟ ಒಂದು ವರ್ಷದಲ್ಲಿ ಮುಗಿದರೆ ಕುಟುಂಬ ಹೇಗೋ ತಾಳಿಕೊಂಡೀತು. ನಾಲ್ಕೈದು ವರ್ಷ ಎಳೆದರೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಇಂಥ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಮೀರಿ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ: ನೆರೆಯವನು, ಬಂಧು, ಕೆಲವೊಮ್ಮೆ ಮನೆಯವನೇ. ವಾಯಿದೆಯಿಂದ ವಾಯಿದೆಗೆ ಊರಿನ ಒತ್ತಡ ಹೆಚ್ಚುತ್ತದೆ. ಕೊನೆಗೆ ತಾಯಿಯೇ ಸಾಕ್ಷಿಕಟ್ಟೆಯಲ್ಲಿ ನಿಂತು ತನಗೇನೂ ಗೊತ್ತಿಲ್ಲವೆನ್ನುತ್ತಾಳೆ. ಅಲ್ಲಿಗೆ ಕನಿಷ್ಠ 20 ವರ್ಷದ ಸಜೆ ಶೂನ್ಯ ವರ್ಷವಾಗುತ್ತದೆ.

ಒಂದು ನ್ಯಾಯಾಲಯದ ಬೆಲೆ

ಸುಪ್ರೀಂ ಕೋರ್ಟು ಇದನ್ನು ಮನಗಂಡಿತ್ತು. 2019ರ ಜುಲೈ 25ರಂದು ಅದು ನೀಡಿದ ಆದೇಶದಂತೆ, ನೂರಕ್ಕಿಂತ ಹೆಚ್ಚು ಪೋಕ್ಸೊ ಪ್ರಕರಣಗಳಿರುವ ಪ್ರತಿ ಜಿಲ್ಲೆಯಲ್ಲೂ ಕೇಂದ್ರ ಸರ್ಕಾರದ ಹಣದಿಂದ ಪ್ರತ್ಯೇಕ ನ್ಯಾಯಾಲಯ ಸ್ಥಾಪನೆಯಾಗಬೇಕಿತ್ತು. ಅದೇ ವರ್ಷ ತ್ವರಿತಗತಿ ವಿಶೇಷ ನ್ಯಾಯಾಲಯಗಳ ಯೋಜನೆ ಹೊರಬಂದಿತು. ದೇಶಾದ್ಯಂತ 1,023 ನ್ಯಾಯಾಲಯಗಳು. ಅವುಗಳಲ್ಲಿ 389 ಪೋಕ್ಸೊ ಪ್ರಕರಣಗಳಿಗೇ ಮೀಸಲು. ಮೊದಲ ಅಂದಾಜು 767.25 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ನ್ಯಾಯಾಲಯಕ್ಕೆ ವರ್ಷಕ್ಕೆ 75 ಲಕ್ಷ ರೂಪಾಯಿ. ಇದರಲ್ಲಿ ಒಬ್ಬ ನ್ಯಾಯಾಧೀಶರು, ಏಳು ಮಂದಿ ಸಿಬ್ಬಂದಿ. ಪ್ರತಿ ನ್ಯಾಯಾಲಯ ವರ್ಷಕ್ಕೆ 165 ಪ್ರಕರಣಗಳನ್ನು ಇತ್ಯರ್ಥಗೊಳಿಸಬೇಕೆಂಬುದು ನಿರೀಕ್ಷೆ. ಹಾಗೆಂದರೆ ಒಂದು ಪ್ರಕರಣದ ತೀರ್ಮಾನಕ್ಕೆ ಸುಮಾರು 45 ಸಾವಿರ ರೂಪಾಯಿ. ಒಂದು ಮಗುವಿಗೆ ಸಕಾಲದಲ್ಲಿ ನ್ಯಾಯ ದೊರಕಿಸುವ ಬೆಲೆ ಇದಾದರೆ ದುಬಾರಿಯೆಂದು ಯಾರು ತಾನೇ ಹೇಳಿಯಾರು?

ವೆಚ್ಚದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಕೇಂದ್ರದ ಪಾಲು ಬರುವುದು 2013-14ರ ಬಜೆಟ್ಟಿನಲ್ಲಿ 1,000 ಕೋಟಿ ರೂಪಾಯಿಗಳೊಂದಿಗೆ ಆರಂಭಗೊಂಡ ನಿರ್ಭಯಾ ನಿಧಿಯಿಂದ. ಆರಂಭದ ಹಲವು ವರ್ಷ ಆ ನಿಧಿಯ ಬಹುಭಾಗ ಖರ್ಚಾಗದೇ ಉಳಿದಿತ್ತೆಂಬುದೂ ನೆನಪಿಡತಕ್ಕ ಸಂಗತಿ. ಯೋಜನೆಯನ್ನು ಮೊದಲು 2023ರ ಮಾರ್ಚ್‌ವರೆಗೂ, ಬಳಿಕ 1,952.23 ಕೋಟಿ ರೂಪಾಯಿ ವೆಚ್ಚದಲ್ಲಿ 2026ರ ಮಾರ್ಚ್‌ವರೆಗೂ ವಿಸ್ತರಿಸಲಾಯಿತು.

ಇಲ್ಲಿ ಒಂದು ವೈಚಿತ್ರ್ಯವಿದೆ. ಶಿಕ್ಷೆಯನ್ನು ಹೆಚ್ಚಿಸಿದ ಕಾಯ್ದೆಗೆ ಅವಧಿಯೆಂಬುದಿಲ್ಲ. ಆ ಶಿಕ್ಷೆಯನ್ನು ವಿಧಿಸಬೇಕಾದ ನ್ಯಾಯಾಲಯಕ್ಕಾದರೋ ಬಾಡಿಗೆ ಮನೆಯವರಂತೆ ಕೆಲವು ವರ್ಷಗಳಿಗೊಮ್ಮೆ ಕರಾರು ನವೀಕರಣದ ಕಾಯುವಿಕೆ.

ಬರೆಯುವವರು ದೆಹಲಿಯಲ್ಲಿ, ತೆರುವವರು ಬೆಂಗಳೂರಿನಲ್ಲಿ

ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ಆದ್ದರಿಂದ ಸಂಸತ್ತು ಶಿಕ್ಷೆಯ ವರ್ಷಗಳನ್ನು ನಿಗದಿಪಡಿಸುತ್ತದೆ. ಪೊಲೀಸು ಮತ್ತು ಕಾರಾಗೃಹ ರಾಜ್ಯ ಪಟ್ಟಿಯಲ್ಲಿವೆ. ಆದ್ದರಿಂದ ಅಪರಾಧಿಯ ಅನ್ನ, ಕಾವಲು, ಔಷಧಿಗಳ ಖರ್ಚು ರಾಜ್ಯದ ಬೊಕ್ಕಸಕ್ಕೆ ಬೀಳುತ್ತದೆ. ಒಬ್ಬರ ಲೇಖನಿ, ಇನ್ನೊಬ್ಬರ ಕಿಸೆ.

ಅದೂ ತತ್‌ಕ್ಷಣ ಅಲ್ಲ. ಈ ಅಂಶವನ್ನು ಸ್ವಲ್ಪ ವಿವರಿಸಬೇಕು. ಗುರುತರ ಅಪರಾಧಕ್ಕೆ ಹಳೆಯ ಕಾಯ್ದೆಯ ಕನಿಷ್ಠ 10 ವರ್ಷದ ಸಜೆಯನ್ನು 2020ರಿಂದ ಅನುಭವಿಸತೊಡಗಿದವನು 2030ರ ಸುಮಾರಿಗೆ ಬಿಡುಗಡೆಯಾಗುತ್ತಾನೆ. ಹೊಸ ಕಾಯ್ದೆಯ 20 ವರ್ಷದವನು 2040ರವರೆಗೆ ಒಳಗಿರುತ್ತಾನೆ. ಮೊದಲ ಹತ್ತು ವರ್ಷ ಇಬ್ಬರ ಖರ್ಚೂ ಒಂದೇ. ಹೆಚ್ಚುವರಿ ವೆಚ್ಚ ಕಾಣಿಸಿಕೊಳ್ಳುವುದು 2030ರ ನಂತರ, ಆಗಿನ ಮುಖ್ಯಮಂತ್ರಿ ಮಂಡಿಸುವ ಬಜೆಟ್ಟಿನಲ್ಲಿ. ಹೆಚ್ಚಿದ ಶಿಕ್ಷೆಯನ್ನು ಹಿಂದಿನ ಅಪರಾಧಗಳಿಗೆ ಅನ್ವಯಿಸಲು ಸಂವಿಧಾನದ 20ನೆಯ ಅನುಚ್ಛೇದ ಬಿಡುವುದಿಲ್ಲವಾದ್ದರಿಂದ ಈ ಹೊರೆ ನಿಧಾನವಾಗಿಯೇ ಏರುತ್ತದೆ. ಮಸೂದೆಗೆ ಕೈಯೆತ್ತಿದವರು ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ. ನಡುವಯಸ್ಸಿನಲ್ಲಿ ಸೆರೆಮನೆ ಸೇರಿದ ಕೈದಿ ಅಲ್ಲೇ ಮುದುಕನಾಗುತ್ತಾನೆ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಚಿಕಿತ್ಸೆ ಕೊಡಿಸಬೇಕಾದವರು ಕಾರಾಗೃಹದ ಅಧಿಕಾರಿಗಳು.

ಇಷ್ಟಾಗಿಯೂ ನಮ್ಮ ಸೆರೆಮನೆಗಳನ್ನು ತುಂಬಿರುವವರು ಶಿಕ್ಷೆಗೊಳಗಾದವರಲ್ಲ. 2022ರ ಅಂತ್ಯದಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಎಂದರೆ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು, ವಿಚಾರಣಾಧೀನ ಕೈದಿಗಳು. ವಿಚಾರಣೆ ತಡವಾದಷ್ಟೂ ಸರ್ಕಾರ ಅಪರಾಧ ಸಾಬೀತಾಗದವನ ಊಟಕ್ಕೆ ಹಣ ತೆರುತ್ತದೆ. ನ್ಯಾಯಾಲಯಕ್ಕೆ ಕೊಡಲು ಹಿಂಜರಿದ ಹಣವೇ ಹೀಗೆ ಸೆರೆಮನೆಯ ಬಾಗಿಲಲ್ಲಿ ಸೋರಿಹೋಗುತ್ತದೆ.

ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಬೇರೊಂದು ಪದ್ಧತಿಯಿದೆ. ಸೆರೆವಾಸವನ್ನು ಹೆಚ್ಚಿಸುವ ಯಾವುದೇ ಮಸೂದೆ ಶಾಸನಸಭೆಗೆ ಬರುವಾಗ, ಮುಂದಿನ ಆರು ವರ್ಷಗಳಲ್ಲಿ ಸೆರೆಮನೆಗಳ ಮೇಲೆ ಬೀಳುವ ಅತ್ಯಧಿಕ ವಾರ್ಷಿಕ ವೆಚ್ಚದ ಅಂದಾಜು ಅದರೊಂದಿಗೆ ಇರಬೇಕು. ಅಂದಾಜು ಕಟ್ಟಲು ಮಾಹಿತಿ ಸಾಲದಿದ್ದರೆ ಕನಿಷ್ಠ 50,000 ಡಾಲರೆಂದಾದರೂ ನಮೂದಿಸಿ ಹಣ ಒದಗಿಸಬೇಕು. ನಮ್ಮಲ್ಲೂ ವೆಚ್ಚ ತರುವ ಮಸೂದೆಗಳಿಗೆ ಹಣಕಾಸು ಜ್ಞಾಪನಾಪತ್ರ ಲಗತ್ತಿಸಬೇಕೆಂದು ಲೋಕಸಭೆಯ ನಿಯಮಾವಳಿ ಹೇಳುತ್ತದೆ. ಆದರೆ ಅದು ನೋಡುವುದು ಕೇಂದ್ರದ ಬೊಕ್ಕಸದ ಕಡೆಗೆ. ಸೆರೆಮನೆ ನಡೆಸುವ ರಾಜ್ಯಗಳ ಕಡೆಗಲ್ಲ.

ಮರಣದಂಡನೆಯ ವಿಷಯ ಬಂದಾಗ ಕಥೋಲಿಕರಾದ ನಮಗೆ ಇನ್ನೊಂದು ಯೋಚನೆಯೂ ಇದೆ. 2018ರ ಆಗಸ್ಟ್ 2ರಂದು ಜಗದ್ಗುರು ಫ್ರಾನ್ಸಿಸರು ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2267ನೆಯ ಪರಿಚ್ಛೇದವನ್ನು ತಿದ್ದಿ, ಮರಣದಂಡನೆ ಎಂದಿಗೂ ಒಪ್ಪತಕ್ಕದ್ದಲ್ಲವೆಂದು ಸಾರಿದ ಸಂಗತಿ ಪ್ರಕಟವಾಯಿತು. ಅದಾದ ನಾಲ್ಕೇ ದಿನಗಳಲ್ಲಿ, ಆಗಸ್ಟ್ 6ರಂದು, 12 ವರ್ಷದೊಳಗಿನ ಬಾಲಕಿಯ ಅತ್ಯಾಚಾರಕ್ಕೆ ಮರಣದಂಡನೆಗೆ ಅವಕಾಶ ನೀಡುವ ಮಸೂದೆಯನ್ನು ನಮ್ಮ ರಾಜ್ಯಸಭೆ ಅಂಗೀಕರಿಸಿತು. 2013ರಲ್ಲಿ ವರದಿ ನೀಡಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆಯನ್ನು ಶಿಫಾರಸು ಮಾಡಿರಲಿಲ್ಲ. ನೀತಿಯ ಮಾತು ಹಾಗಿರಲಿ, ಲೆಕ್ಕದ ಮಾತನ್ನೇ ಆಡೋಣ. ಮರಣದಂಡನೆಯ ತೀರ್ಪು ಹೈಕೋರ್ಟಿನ ದೃಢೀಕರಣಕ್ಕೆ ಹೋಗಲೇಬೇಕು, ಅಲ್ಲಿಂದ ಸುಪ್ರೀಂ ಕೋರ್ಟು, ಅಲ್ಲಿಂದ ಕ್ಷಮಾದಾನದ ಅರ್ಜಿ. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದಾದ್ದರಿಂದ, ಆರೋಪಿ ಬಡವನಾದರೆ ವಾದಿಯ ಖರ್ಚೂ ಪ್ರತಿವಾದಿಯ ಖರ್ಚೂ ಸರ್ಕಾರದ್ದೇ. ಅಷ್ಟು ವರ್ಷವೂ ಸಂತ್ರಸ್ತ ಮಗುವಿಗೆ ಆ ಕಥೆಯಿಂದ ಬಿಡುಗಡೆಯಿಲ್ಲ.

ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತೊಂದು ಕೊಂಡಿಯನ್ನು ಸೇರಿಸಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಕೃತ್ಯದ ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸುವುದು ಕಡ್ಡಾಯ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಎಂದಮೇಲೆ ಆರು ವರ್ಷದ ಶಿಕ್ಷೆಯನ್ನು ಏಳಕ್ಕೆ ಏರಿಸಿದರೆ ಹೆಚ್ಚುವುದು ಒಂದು ವರ್ಷದ ಸೆರೆಮನೆ ಖರ್ಚು ಮಾತ್ರವಲ್ಲ. ತಜ್ಞರ ತಂಡ, ವಾಹನ, ರಾಸಾಯನಿಕ ಪರೀಕ್ಷೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಪ್ರಯೋಗಾಲಯಗಳನ್ನು ಬಲಪಡಿಸಲು ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ 2,254.43 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಸಜೆಯನ್ನು ಏರಿಸಿದ ಕೈಯೇ ಹಣವನ್ನೂ ತೆಗೆದಿಟ್ಟ ವಿರಳ ಉದಾಹರಣೆ ಇದೆಂದು ಹೇಳಬೇಕು.

ಪರಿಹಾರದ ಹಣ ಮತ್ತು ಒಂದು ಗೋಡೆ

ದುರ್ಬಲರ ರಕ್ಷಣೆಯ ಕಾಯ್ದೆಗಳಲ್ಲಿ ಹಣದ ಲೆಕ್ಕವನ್ನು ಮೊದಲೇ ಬರೆದಿಟ್ಟದ್ದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಹಾಗೂ ಅದರ 1995ರ ನಿಯಮಗಳು. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಹತ್ತು ಮಂದಿಯಲ್ಲಿ ನಾಲ್ವರು ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರು. ಆದ್ದರಿಂದ ಈ ಕಾಯ್ದೆ ಇಲ್ಲಿ ದೂರದ ಮಾತಲ್ಲ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಅಪರಾಧಗಳ ಪಟ್ಟಿಯನ್ನು ವಿಸ್ತರಿಸಿತು. ಅದೇ ವರ್ಷ ತಿದ್ದಿದ ನಿಯಮಗಳು ಪರಿಹಾರವನ್ನು 85 ಸಾವಿರದಿಂದ 8.25 ಲಕ್ಷ ರೂಪಾಯಿಗಳವರೆಗೆ ನಿಗದಿಪಡಿಸಿದವು. ಅತ್ಯಾಚಾರಕ್ಕೆ 5 ಲಕ್ಷ: ವೈದ್ಯಕೀಯ ವರದಿ ದೃಢಪಟ್ಟೊಡನೆ ಅರ್ಧ, ಆರೋಪಪಟ್ಟಿ ಸಲ್ಲಿಕೆಯಾದಾಗ ಕಾಲುಭಾಗ, ವಿಚಾರಣೆ ಮುಗಿದಾಗ ಉಳಿದುದು. ಹಣ ತೀರ್ಪಿಗಾಗಿ ಕಾಯುವುದಿಲ್ಲ. ಸಾಕ್ಷಿಗಳಿಗೆ ಪ್ರಯಾಣವೆಚ್ಚವನ್ನೂ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದಂತೆ ದಿನಭತ್ಯೆಯನ್ನೂ ಕೊಡಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ವಾಯಿದೆಯೆಂದರೆ ಕೂಲಿ ನಷ್ಟವೆಂಬುದನ್ನು ಅರಿತವರು ಬರೆದ ನಿಯಮ ಇದು.

ಹಾಗೆಂದು ಎಲ್ಲವೂ ಸುಗಮವೆಂದಲ್ಲ. ಆರೋಪಪಟ್ಟಿಯಿಂದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕೆಂಬುದು ಕಾಯ್ದೆಯ ಬಯಕೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್‌ನಲ್ಲಿ. ಸತ್ರ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಸಜೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ! ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು.

ಈ ಕಾಯ್ದೆಗೂ ನಮ್ಮ ಸಮುದಾಯಕ್ಕೂ ನಡುವೆ ಒಂದು ಗೋಡೆಯಿದೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಣೆಗೊಂಡಿತು. ಕ್ರೈಸ್ತರಿಗೆ ಇಲ್ಲ. ಒಂದೇ ಕೇರಿಯ ಎರಡು ಮನೆಗಳಲ್ಲಿ, ಒಂದೇ ಜಾತಿಯ ಹೆಸರು ಹೇಳಿ ಒಂದೇ ರೀತಿಯ ದೌರ್ಜನ್ಯ ನಡೆದರೂ, ಜ್ಞಾನಸ್ನಾನ ಪಡೆದ ಮನೆಯವರಿಗೆ ಆ ಕಾಯ್ದೆಯ ಕಠಿಣ ಸಜೆಯೂ ಇಲ್ಲ, 5 ಲಕ್ಷವೂ ಇಲ್ಲ, ಸಾಕ್ಷಿಯ ದಿನಭತ್ಯೆಯೂ ಇಲ್ಲ. ಪರಿಶಿಷ್ಟ ಪಂಗಡಗಳ ವಿಷಯದಲ್ಲಿ ಇಂಥ ಧರ್ಮದ ನಿರ್ಬಂಧವಿಲ್ಲ. ಈ ಪ್ರಶ್ನೆಯ ಪರಿಶೀಲನೆಗೆಂದು 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕಗೊಂಡಿತು. ಗೋಡೆಯನ್ನು ಕೆಡವುವುದೆಂದರೆ ಬೊಕ್ಕಸಕ್ಕೆ ಹೊಸ ಫಲಾನುಭವಿಗಳ ಹೊರೆ ಎಂಬ ವಾದ ಕೇಳಿಬರುವುದುಂಟು. ದೌರ್ಜನ್ಯಕ್ಕೆ ಒಳಗಾದವಳನ್ನು ಹೊರೆಯೆಂದು ಎಣಿಸುವ ಲೆಕ್ಕವನ್ನು ನಾನು ಒಪ್ಪಲಾರೆ.

ಇಂಥ ಕುಟುಂಬಕ್ಕೆ ಉಳಿಯುವುದು ಎಲ್ಲರಿಗೂ ಅನ್ವಯಿಸುವ ಸಂತ್ರಸ್ತರ ಪರಿಹಾರ ಯೋಜನೆ. 2018ರ ರಾಷ್ಟ್ರೀಯ ಮಾದರಿ ಯೋಜನೆಯಂತೆ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಂತ್ರಸ್ತೆ ಅಪ್ರಾಪ್ತೆಯಾದರೆ ಅದರ ಮೇಲೆ ಇನ್ನರ್ಧ. ಅದರ ಬಹುಭಾಗ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಉಳಿಯುತ್ತದೆ. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಪೋಕ್ಸೊ ನ್ಯಾಯಾಲಯಕ್ಕಿದೆ.

ಇಪ್ಪತ್ತು ವರ್ಷ ಯಾರ ತಲೆಯ ಮೇಲೆ?

ಕನಿಷ್ಠ ಶಿಕ್ಷೆಯನ್ನು ಏರಿಸುವಾಗ ಬಯಲುಸೀಮೆಯ ಹಳ್ಳಿಗಳನ್ನು ಯಾರೂ ನೆನೆಯಲಿಲ್ಲವೇನೋ ಎಂಬ ಸಂಶಯ ಬರುವುದು ಬಾಲ್ಯವಿವಾಹದ ವಿಷಯದಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮುನ್ನವೇ ಮದುವೆಯಾಗಿತ್ತು. 2017ರಲ್ಲಿ ಸುಪ್ರೀಂ ಕೋರ್ಟು, ಹೆಂಡತಿಯಾದರೂ 18 ವರ್ಷದೊಳಗಿದ್ದರೆ ಅದು ಅತ್ಯಾಚಾರವೇ ಎಂದು ತೀರ್ಪಿತ್ತಿತು. ತೀರ್ಪು ಸರಿಯಾದದ್ದೇ. ಆದರೆ ಪರಿಣಾಮವನ್ನು ನೋಡಿ. ಹಿರಿಯರು ಕೂಡಿ ಹದಿನೇಳರ ಹುಡುಗಿಯನ್ನು ಹತ್ತೊಂಬತ್ತರ ಹುಡುಗನಿಗೆ ಕಟ್ಟುತ್ತಾರೆ. ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಗರ್ಭ ನಿಂತಿತೆಂಬ ಕಾರಣಕ್ಕೇ ಅಪರಾಧ ಗುರುತರವಾಗಿ ಹುಡುಗನಿಗೆ ಕನಿಷ್ಠ 20 ವರ್ಷ. ಮದುವೆ ಮಾಡಿಸಿದ ಹಿರಿಯರಿಗೆ, ಕರ್ನಾಟಕದ ತಿದ್ದುಪಡಿಯನ್ನು ಅನ್ವಯಿಸಿದರೂ, ಒಂದರಿಂದ ಎರಡು ವರ್ಷ!

ಹೀಗಾದಾಗ ಆ ಮನೆಯ ಬಜೆಟ್ಟೇ ಕುಸಿಯುತ್ತದೆ. ದುಡಿಯುವವನು ಸೆರೆಮನೆಯಲ್ಲಿ, ಬಸುರಿ ಹುಡುಗಿ ತವರಿನಲ್ಲಿ ಇಲ್ಲವೇ ಬಾಲಮಂದಿರದಲ್ಲಿ, ವಕೀಲರ ಶುಲ್ಕಕ್ಕೆ ಸಾಲ. ಅದಕ್ಕೆ ಹೆದರಿ ಆಸ್ಪತ್ರೆಗೇ ಹೋಗದೆ ಹೆರಿಗೆಯನ್ನು ಮನೆಯಲ್ಲೇ ಮುಗಿಸುವ ಅಪಾಯವೂ ಇದೆ. ನ್ಯಾಯಾಲಯದ ಹೊರೆಯೂ ಕಡಿಮೆಯೇನಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 7,064 ಪೋಕ್ಸೊ ತೀರ್ಪುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ 1,715, ಎಂದರೆ ಸುಮಾರು ಕಾಲುಭಾಗ, ಪ್ರೇಮ ಪ್ರಕರಣಗಳಾಗಿದ್ದವು. ಎಳೆಯ ಮಗುವಿನ ವಿಚಾರಣೆಗೆ ಸಲ್ಲಬೇಕಾದ ವಾಯಿದೆಗಳಲ್ಲಿ ನಾಲ್ಕರಲ್ಲೊಂದು ಹೀಗೆ ಹಂಚಿಹೋಗುತ್ತದೆ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ವಯೋಮಿತಿಯ ಪ್ರಶ್ನೆಯನ್ನು ಮರುಚಿಂತಿಸುವಂತೆ ಕಾನೂನು ಆಯೋಗವನ್ನು ಕೇಳಿತು. 2023ರ ಸೆಪ್ಟೆಂಬರ್‌ನಲ್ಲಿ ಆಯೋಗ ವಯಸ್ಸನ್ನು ಇಳಿಸಲು ಒಪ್ಪಲಿಲ್ಲ. ಆದರೆ 16ರಿಂದ 18 ವರ್ಷದವರ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದೆಂದಿತು. ನ್ಯಾಯಾಧೀಶರ ಕೈ ಕಟ್ಟಿಹಾಕುವ ಕನಿಷ್ಠ ಶಿಕ್ಷೆಯ ದೋಷ ಇಲ್ಲಿ ಎದ್ದು ಕಾಣುತ್ತದೆ. ಬಾಲ್ಯವಿವಾಹವನ್ನು ನಾವು ಸಮರ್ಥಿಸುವಂತಿಲ್ಲ. ಮಗುವಿನ ಮೇಲೆರಗಿದ ಮೃಗವನ್ನೂ ಹಿರಿಯರು ಹೇಳಿದಂತೆ ತಾಳಿ ಕಟ್ಟಿದ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನೂ ಸಮರ್ಥಿಸುವಂತಿಲ್ಲ.

ಕೈಹಿಡಿದು ನಿಲ್ಲುವವರ ಸಂಬಳ

ಇಷ್ಟೆಲ್ಲ ಲೆಕ್ಕದಲ್ಲಿ ಅತಿ ಚಿಕ್ಕ ಬಾಬ್ತು ಯಾವುದೆಂದು ಹುಡುಕಿದರೆ ಅದು ಬೆಂಬಲ ವ್ಯಕ್ತಿಯ ಸಂಭಾವನೆ. ದೂರು ದಾಖಲಾದ ದಿನದಿಂದ ತೀರ್ಪಿನವರೆಗೆ ಮಗುವಿನ ಜೊತೆಗಿದ್ದು, ನ್ಯಾಯಾಲಯದಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿಹೇಳಿ, ಪ್ರಕರಣದ ಪ್ರಗತಿಯನ್ನು ಮನೆಯವರಿಗೆ ಮುಟ್ಟಿಸುವ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸಬಹುದೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಈ ನೆರವು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂಬಂತಿರಬಾರದೆಂದೂ, ಇವರಿಗೆ ನಿಪುಣ ಕಾರ್ಮಿಕರ ಕನಿಷ್ಠ ವೇತನಕ್ಕೆ ಸಮನಾದ ಸಂಭಾವನೆ ದೊರೆಯಬೇಕೆಂದೂ ಹೇಳಿತು. ತಾಯಿ ಪ್ರತಿಕೂಲ ಸಾಕ್ಷಿಯಾಗದಂತೆ ತಡೆಯುವ ಶಕ್ತಿ, ನನ್ನ ಅಭಿಪ್ರಾಯದಲ್ಲಿ, 20 ವರ್ಷದ ಸಜೆಗಿಂತ ಈ ಒಬ್ಬ ವ್ಯಕ್ತಿಗೆ ಹೆಚ್ಚು.

ಹಿರೇಗುಂಟನೂರಿನ ಕಡೆ ಇದಕ್ಕೆ ಹಣವಿಲ್ಲವೆಂದು ಹೇಳುವಂತಿಲ್ಲ. ಆ ಭಾಗದ ಗುಡ್ಡಗಳಿಂದ ಕಬ್ಬಿಣದ ಅದಿರು ಲಾರಿಗಳಲ್ಲಿ ಹೊರಹೋಗುತ್ತದೆ. 2015ರ ಕಾನೂನಿನಂತೆ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ, ಅದರ ನೂರಕ್ಕೆ 10ರಿಂದ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಆ ನಿಧಿಯನ್ನು ಬಳಸತಕ್ಕ ಆದ್ಯತೆಯ ಕ್ಷೇತ್ರಗಳಲ್ಲಿ ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ, ವೃದ್ಧರ ಮತ್ತು ಅಂಗವಿಕಲರ ಕಲ್ಯಾಣ ಸ್ಪಷ್ಟವಾಗಿ ನಮೂದಾಗಿವೆ. ರಸ್ತೆಗೂ ಕಟ್ಟಡಕ್ಕೂ ಬೇಡಿಕೆ ಇಡುವವರಿಗೆ ಕೊರತೆಯಿಲ್ಲ. ಗಣಿಬಾಧಿತ ಹಳ್ಳಿಗಳ ಮಕ್ಕಳಿಗೆ ಬೆಂಬಲ ವ್ಯಕ್ತಿಗಳನ್ನು ನೇಮಿಸಿ ಎಂಬ ಬೇಡಿಕೆಯನ್ನು ಶಾಸಕರ, ಜಿಲ್ಲಾಧಿಕಾರಿಗಳ ಮುಂದೆ ಇಡಲು ಧರ್ಮಕೇಂದ್ರದ ಪಾಲನಾ ಮಂಡಳಿಗೂ ಸ್ತ್ರೀಶಕ್ತಿ ಸಂಘಗಳಿಗೂ ಅಡ್ಡಿಯಿಲ್ಲ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರಿದ ಈ ಜಿಲ್ಲೆಯಲ್ಲಿ ನಮ್ಮ ಧರ್ಮಭಗಿನಿಯರೂ ಗುರುಗಳೂ ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುತ್ತ ಬಂದಿದ್ದಾರೆ. ತರಬೇತಿ ಪಡೆದು ಈ ಕೆಲಸಕ್ಕೆ ನಿಲ್ಲಬಲ್ಲವರು ಅವರ ನಡುವೆ ಇದ್ದಾರೆ.

ಸಂಸ್ಥೆಗಳನ್ನು ನಡೆಸುವವರು ಮರೆಯಬಾರದ ಮಾತೊಂದಿದೆ. ತನ್ನ ಕೈಕೆಳಗಿನವನು ಮಗುವಿನ ಮೇಲೆ ಎಸಗಿದ ಕೃತ್ಯವನ್ನು ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೊ ಕಾಯ್ದೆ ಒಂದು ವರ್ಷದವರೆಗೆ ಸಜೆ ವಿಧಿಸುತ್ತದೆ. ಧರ್ಮಸಭೆಯೂ 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ತನ್ನ ಪರಿಷ್ಕೃತ ದಂಡನಾ ನಿಯಮಗಳಲ್ಲಿ ಅಪ್ರಾಪ್ತರ ಮೇಲಿನ ಇಂಥ ಕೃತ್ಯವನ್ನು ಮಾನವ ಘನತೆಗೆ ವಿರುದ್ಧವಾದ ಅಪರಾಧಗಳ ಸಾಲಿಗೆ ಸೇರಿಸಿದೆ. ಸಂಸ್ಥೆಯ ಹೆಸರು ಕೆಡುವುದೆಂಬ ನೆಪಕ್ಕೆ ಎರಡೂ ಕಡೆ ಜಾಗವಿಲ್ಲ.

ಇಂಥ ಸಂಕಟ ಬಂದೊದಗಿದ ಕುಟುಂಬ ಮೊದಲು ನೆನೆಯಬೇಕಾದದ್ದು 1098 ಎಂಬ ಮಕ್ಕಳ ಸಹಾಯವಾಣಿ ಮತ್ತು 112. ಊಟ, ಬಟ್ಟೆ, ಓಡಾಟದ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಬರಬೇಕು. ಬೆಂಬಲ ವ್ಯಕ್ತಿಯನ್ನು ಅದೇ ಸಮಿತಿಯಲ್ಲಿ ಕೇಳಬೇಕು. ವಕೀಲರ ನೆರವಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲ. ಮಧ್ಯಂತರ ಪರಿಹಾರಕ್ಕೆ ವಿಶೇಷ ನ್ಯಾಯಾಲಯಕ್ಕೇ ಅರ್ಜಿ ಸಲ್ಲಿಸಬಹುದು. ಆದೇಶವಾದ 30 ದಿನಗಳೊಳಗೆ ರಾಜ್ಯ ಸರ್ಕಾರ ಅದನ್ನು ಪಾವತಿ ಮಾಡಬೇಕು. ಇವುಗಳಲ್ಲಿ ಯಾವುದಕ್ಕೂ ಶುಲ್ಕವಿಲ್ಲ.